ಪಂಚಾಯ್ತಿಗೆ ಹಾಕದ ಮಾತು

ಮೈಸೂರಿನ ಶ್ರೀರಾಂಪುರದ ಆ ಮನೆಯಲ್ಲಿ ಯಾವ ದೊಡ್ಡ ಮಾತೂ ಭಾನುವಾರದ ಉಪ್ಪಿಟ್ಟಿಗೆ ಮುಂಚೆ ತೀರ್ಮಾನವಾಗುತ್ತಿರಲಿಲ್ಲ. ಮನೆಯ ಮಗ ಮಹಾಂತೇಶ ಯಾವ ಬೈಕು ಕೊಳ್ಳಬೇಕು, ಮಹಡಿಯ ಮೇಲೆ ರೂಮು ಕಟ್ಟಿಸಬೇಕೋ ಶೀಟು ಹೊದಿಸಬೇಕೋ, ಕೊನೆಗೆ ಫ್ರಿಡ್ಜು ಕೆಂಪಗಿರಬೇಕೋ ಬೂದು ಬಣ್ಣದ್ದೋ, ಎಲ್ಲವೂ ಭಾನುವಾರಕ್ಕೆ ಕಾಯಬೇಕು. ಆವತ್ತು ಕೆಸರೆಯಿಂದ ಅವನ ದೊಡ್ಡಪ್ಪ ಗುರುಮಲ್ಲಪ್ಪನವರು ಹೆಂಡತಿ ಶಾಂತಾದೇವಿಯ ಜೊತೆ ಬರುತ್ತಾರೆ. ಬಂದವರು ಹಿತ್ತಲಿನ ನಂದಿಬಟ್ಟಲ ಗಿಡದಿಂದ ಹೂ ಬಿಡಿಸಿಕೊಂಡು ಲಿಂಗಪೂಜೆ ಮುಗಿಸುತ್ತಾರೆ, ಹಜಾರದ ದೊಡ್ಡ ಕುರ್ಚಿಯಲ್ಲಿ ಕೂರುತ್ತಾರೆ, ಉಪ್ಪಿಟ್ಟು ನಾಲ್ಕು ತುತ್ತು ಒಳಗೆ ಹೋದ ಮೇಲೆ ತೀರ್ಪು ಕೊಡುತ್ತಾರೆ. ತಮ್ಮ ಷಡಕ್ಷರಿ, ಅಂದರೆ ಮಹಾಂತೇಶನ ಅಪ್ಪ, ತೀರಿಕೊಂಡ ಮೇಲೆ ಆ ಸಂಸಾರದ ಭಾರ ತಮ್ಮ ಹೆಗಲಿಗೇ ಬಿತ್ತೆಂದು ಅವರು ತಿಳಿದಿದ್ದರು. ಕೆಟ್ಟವರೇನಲ್ಲ. ಆದರೆ ಹೊತ್ತ ಭಾರವನ್ನು ಯಾವತ್ತು ಇಳಿಸಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ, ಹೇಳಿದ್ದರೂ ಇಳಿಸುವ ಪೈಕಿ ಅವರಲ್ಲ.

ಮಹಾಂತೇಶನ ಹೆಂಡತಿ ಶಿಲ್ಪಶ್ರೀಗೆ ಮೊದಮೊದಲು ಇದನ್ನು ಕಂಡರೆ ನಗು ಬರುತ್ತಿತ್ತು. ಅವಳು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದವಳು. ದಿನವಿಡೀ ಇದು ಪಾಸು, ಇದು ರಿಜೆಕ್ಟು ಎಂದು ಹೇಳುವುದೇ ಕೆಲಸ, ಅಲ್ಲಿ ಮ್ಯಾನೇಜರು ಕೂಡ ಅವಳ ಮಾತಿಗೆ ಎದುರಾಡುವುದಿಲ್ಲ. ಮನೆಗೆ ಬಂದರೆ ಫ್ರಿಡ್ಜಿನ ಬಣ್ಣಕ್ಕೂ ಅವಳನ್ನು ಕೇಳುವವರಿಲ್ಲ. ಅವಳಿಗೆ ಬೂದು ಬಣ್ಣ ಇಷ್ಟವಿತ್ತು, ಕೆಂಪು ಬಂತು. ಹಾಳಾಗಿ ಹೋಗಲಿ, ಹಾಲು ಕೆಡದಿದ್ದರೆ ಸಾಕು ಎಂದು ಸುಮ್ಮನಾಗಿದ್ದಳು.

ಆದರೆ ಹೊಟ್ಟೆಯೊಳಗಿನ ಮಾತು ಫ್ರಿಡ್ಜಲ್ಲವಲ್ಲ.

ಮೂರನೇ ತಿಂಗಳು ಹಿಡಿಯುತ್ತಿದ್ದ ಹಾಗೆ ಸ್ಕ್ಯಾನಿಂಗಿಗೆ ಹೋದ ದಿನ ಡಾಕ್ಟರ್ ದಿವ್ಯ ತುಂಬ ಹೊತ್ತು ಪರದೆಯನ್ನೇ ನೋಡಿದರು. ಹೋದ ಸಲ ಬೆಳಕಿನ ಚುಕ್ಕಿಯೊಂದು ಪಟಪಟ ಮಿಣುಕುತ್ತಿತ್ತು. ಈ ಸಲ ಏನೂ ಮಿಣುಕಲಿಲ್ಲ. ಡಾಕ್ಟರು ಪರದೆಯನ್ನು ಶಿಲ್ಪಶ್ರೀಯ ಕಡೆಗೇ ತಿರುಗಿಸಿ, ಅವಳ ಕೈ ಹಿಡಿದುಕೊಂಡು ಹೇಳಿದರು.

“ಬೆಳವಣಿಗೆ ನಿಂತುಹೋಗಿದೆ ಶಿಲ್ಪಶ್ರೀ. ಎದೆ ಬಡಿತ ಇಲ್ಲ. ಇದ್ರಲ್ಲಿ ಯಾರ ತಪ್ಪೂ ಇಲ್ಲ. ಇಷ್ಟು ಬೇಗ ಹೀಗಾದ್ರೆ, ಹೆಚ್ಚಿನ ಸಲ ಮೊಳಕೆಯೇ ಸರಿಯಾಗಿ ಕೂಡಿರೋದಿಲ್ಲ. ನೀವು ಮಾಡಿದ್ದರಿಂದ ಆಗಿದ್ದಲ್ಲ, ಮಾಡದೆ ಬಿಟ್ಟಿದ್ದರಿಂದ್ಲೂ ಅಲ್ಲ.”

ಶಿಲ್ಪಶ್ರೀಯ ಕಿವಿ ಕೇಳಿಸಿಕೊಂಡಿತು, ಮನಸ್ಸು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವಳ ಕಣ್ಣ ಮುಂದೆ ಮೇಟಗಳ್ಳಿ ರಸ್ತೆಯ ಹಂಪುಗಳು ಸಾಲಾಗಿ ಬಂದವು. ಮೂರು ತಿಂಗಳು ತುಂಬುವ ತನಕ ಸ್ಕೂಟರ್ ಬೇಡವೆಂದು ಅತ್ತೆ ಹೇಳಿದ್ದರು. ಅವಳು ಕೇಳಿರಲಿಲ್ಲ.

ಹೊರಗಿದ್ದ ಮಹಾಂತೇಶನನ್ನು ಕರೆದು ಕೂರಿಸಿ ಡಾಕ್ಟರು ಮುಂದಿನದನ್ನು ಬಿಡಿಸಿ ಹೇಳಿದರು. “ಮೂರು ದಾರಿ ಇದೆ. ಸುಮ್ಮನೆ ಕಾದ್ರೆ ಮೈಯೇ ತಾನಾಗಿ ಹೊರಗೆ ಹಾಕುತ್ತೆ. ಆದ್ರೆ ಯಾವಾಗ ಅಂತ ಹೇಳೋಕಾಗಲ್ಲ, ವಾರಗಟ್ಟಲೆ ಆಗ್ಬಹುದು. ಮಾತ್ರೆ ತಗೊಂಡ್ರೆ ಮನೇಲೇ ಆಗುತ್ತೆ. ನೋವು, ರಕ್ತ ಎರಡೂ ಜಾಸ್ತೀನೇ ಇರುತ್ತೆ, ಜೊತೇಲಿ ಜನ ಬೇಕು. ಕೆಲವರಿಗೆ ಪೂರ್ತಿ ಆಗದೆ ಮತ್ತೆ ಇಲ್ಲಿಗೆ ಬರ್ಬೇಕಾಗುತ್ತೆ. ಇಲ್ಲಾ, ಇಲ್ಲೇ ಒಂದು ಸಣ್ಣ ಪ್ರೊಸೀಜರ್, ಬೆಳಿಗ್ಗೆ ಬಂದ್ರೆ ಸಂಜೆಗೆ ಮನೆಗೆ ಹೋಗ್ಬಹುದು. ನಿಮ್ಮ ಮಟ್ಟಿಗೆ ಮೂರೂ ಸರಿಯಾದವೇ. ಯಾವುದು ಅಂತ ನೀವು ಹೇಳಿ. ಆತುರ ಏನಿಲ್ಲ.”

ನೀವು ಎಂದಿದ್ದು ಶಿಲ್ಪಶ್ರೀಗೆ. ಉತ್ತರ ಬಂದಿದ್ದು ಮಹಾಂತೇಶನಿಂದ. “ಭಾನುವಾರ ನಮ್ಮ ದೊಡ್ಡಪ್ಪ ಬರ್ತಾರೆ ಡಾಕ್ಟ್ರೇ. ಅವರನ್ನ ಕೇಳ್ಬುಟ್ಟು ಸೋಮವಾರ ಹೇಳ್ತೀವಿ.”

ಡಾಕ್ಟರ್ ದಿವ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋವು ತಿನ್ನೋರು ನಿಮ್ಮ ದೊಡ್ಡಪ್ಪಾನಾ ಮಹಾಂತೇಶ್?”

ಪಾಪ, ಅವನಿಗೆ ಅದು ತಟ್ಟಲೂ ಇಲ್ಲ. ಅವನು ಪೆಟ್ಟು ತಿಂದವನ ಹಾಗೆ ಕೂತಿದ್ದ, ಕೈಗೆ ಸಿಕ್ಕಿದ ಹಳೆಯ ಕಂಬವನ್ನು ಹಿಡಿದುಕೊಂಡಿದ್ದ ಅಷ್ಟೆ. ಆದರೆ ಶಿಲ್ಪಶ್ರೀಗೆ ತಟ್ಟಿತು. ಅಳುವಿನ ಮಧ್ಯೆಯೂ ಅವಳಿಗೆ ಸಿಟ್ಟು ಬಂತು, ಆ ಸಿಟ್ಟೇ ಅವಳನ್ನು ಎದ್ದು ನಿಲ್ಲಿಸಿ ಕಾರಿನ ತನಕ ನಡೆಸಿತು.

ಮನೆಯಲ್ಲಿ ಅತ್ತೆ ಮಹದೇವಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಸುದ್ದಿ ಕೇಳಿ ಅವರು ಅಳಲಿಲ್ಲ, ಒಪ್ಪಲೂ ಇಲ್ಲ. “ಮಿಷನ್ನು ಸರಿ ಇಲ್ಲ ಕಣಮ್ಮ. ಬೇರೆ ಕಡೆ ತೋರ್ಸೋಣ. ಕೂಸು ಮಗ್ಗುಲು ತಿರುಗಿ ಮಲಗಿರ್ಬೇಕು” ಎಂದು ಪಟ್ಟು ಹಿಡಿದರು. ಶಿಲ್ಪಶ್ರೀ ರೇಗಬೇಕೆಂದುಕೊಂಡಳು, ಆಗಲಿಲ್ಲ. ಅವಳೊಳಗೂ ಒಂದು ಮೂಲೆ ಮಗ್ಗುಲು ತಿರುಗಿರಲಿ ದೇವರೇ ಎಂದೇ ಬೇಡುತ್ತಿತ್ತು. ಡಾಕ್ಟರನ್ನು ಕೇಳಿದರೆ, “ಖಂಡಿತ ಮಾಡಿಸಿ, ನಿಮಗೆ ಗಟ್ಟಿ ಆಗ್ಲಿ” ಎಂದರು. ಮಾರನೇ ದಿನ ಅತ್ತೆ ಸೊಸೆ ಇಬ್ಬರೇ ಬೇರೆ ಕಡೆ ಹೋದರು. ಅಲ್ಲಿಯೂ ಅದೇ ಮಾತು. ಆಟೋ ಇಳಿದು ಮನೆಗೆ ಬಂದ ಮಹದೇವಮ್ಮ ದೇವರ ಮುಂದಿದ್ದ ಬೆಳ್ಳಿ ಕರಡಿಗೆಯನ್ನು ಎತ್ತಿ ಬೀರುವಿನೊಳಗೆ ಸೀರೆಗಳ ಅಡಿಗೆ ಸೇರಿಸಿಬಿಟ್ಟರು.

ಈ ಕರಡಿಗೆಯ ಕಥೆ ಹೇಳಬೇಕು. ಅವರ ಮನೆತನದಲ್ಲಿ ಎಂಟನೇ ತಿಂಗಳು ಬಂದಾಗ ಗುರುಗಳನ್ನು ಕರೆಸಿ, ಹೊಟ್ಟೆಯಲ್ಲಿರುವ ಕೂಸಿಗೆಂದು ತಾಯಿಗೇ ಲಿಂಗ ಕಟ್ಟಿಸುತ್ತಾರೆ. ಹುಟ್ಟಿದ ಮೇಲೆ ಅದು ಮಗುವಿನ ಕೊರಳಿಗೆ. ಆ ಲಿಂಗವನ್ನಿಡುವ ಪುಟ್ಟ ಬೆಳ್ಳಿ ಡಬ್ಬಿಯೇ ಕರಡಿಗೆ. ಎಂಟನೇ ತಿಂಗಳಿಗೆ ಮಾಡಿಸಿದರೆ ಸಾಕು. ಆದರೆ ಮಹದೇವಮ್ಮ ಮೊದಲ ಸ್ಕ್ಯಾನಿಂಗ್ ಆದ ಮಾರನೇ ದಿನವೇ ಅಶೋಕಾ ರಸ್ತೆಗೆ ಓಡಿ, ಅಕ್ಕಸಾಲಿಯ ಅಂಗಡಿಯಲ್ಲಿ ಕೂತೇ ನೆಲ್ಲಿಕಾಯಿ ಗಾತ್ರದ ಕರಡಿಗೆ ಮಾಡಿಸಿಕೊಂಡು ಬಂದಿದ್ದರು. ಬೀದಿಗೆಲ್ಲ ತೋರಿಸಿದ್ದರು. ಹಾಲಿನವನಿಗೂ ತೋರಿಸಿದ್ದರು.

ಶನಿವಾರ ಶಿಲ್ಪಶ್ರೀ ರಜ ಹಾಕಿ ಮಲಗಿದ್ದಳು. ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದಳು. ಕೆಲಸದ ಗೆಳತಿ ಲಾಸ್ಯ ಫೋನು ಮಾಡಿದಳು. ಹಿಂದೊಮ್ಮೆ ಅವಳಿಗೂ ಹೀಗೇ ಆಗಿತ್ತು. “ನಾನು ಆಸ್ಪತ್ರೇಲೇ ಮುಗಿಸ್ಬುಟ್ಟೆ ಕಣೇ. ನಂಗೆ ಏನೂ ನೋಡೋದು ಬೇಕಿರ್ಲಿಲ್ಲ. ನಿದ್ದೆ ಮಾಡಿ ಎದ್ದೆ, ಆಗಿತ್ತು. ನಂಗೆ ಅದೇ ಸರಿಹೋಯ್ತು. ನಿಂಗೆ ಏನು ಬೇಕು ಅಂತ ನೋಡ್ಕೋ.”

ನನಗೇನು ಬೇಕು? ಶಿಲ್ಪಶ್ರೀ ಮಗ್ಗುಲು ಬದಲಿಸಿ ಬದಲಿಸಿ ಯೋಚಿಸಿದಳು. ಕಾಯುವುದು ಅವಳಿಂದಾಗದು. ಕಾರ್ಖಾನೆಯ ನಡುವೆ, ದಾರಿಯ ಮೇಲೆ, ಯಾವಾಗ ಎಂದು ತಿಳಿಯದೆ ಹೆದರಿಕೊಂಡು ಬದುಕುವುದು ಬೇಡ. ಮತ್ತೆ ಆಸ್ಪತ್ರೆ? ಅವಳು ಡಾಕ್ಟರಿಗೆ ಫೋನು ಮಾಡಿ, ನಾಚಿಕೆ ಬಿಟ್ಟು, ಒಂದೇ ಮಾತು ಕೇಳಿದಳು. “ಅಲ್ಲಿ ಮಾಡಿಸಿದ್ರೆ, ಆಮೇಲೆ ಅದು ಎಲ್ಲಿಗೆ ಹೋಗುತ್ತೆ ಮೇಡಂ?”

ಡಾಕ್ಟರು ಸುಳ್ಳು ಹೇಳಲಿಲ್ಲ. ಸಾಮಾನ್ಯವಾಗಿ ಕಸದ ಹಳದಿ ಚೀಲಕ್ಕೆ ಹೋಗುತ್ತದೆ, ಆಮೇಲೆ ಆಸ್ಪತ್ರೆಯ ಪದ್ಧತಿಯಂತೆ ಸುಡುತ್ತಾರೆ ಎಂದರು. ಶಿಲ್ಪಶ್ರೀ ಕಣ್ಣು ಮುಚ್ಚಿಕೊಂಡಳು. ಅವಳೂ ದಿನಾ ಬೇಡವಾದ ಪೀಸನ್ನು ಕೆಂಪು ಡಬ್ಬಕ್ಕೆ ಎಸೆಯುವವಳೇ. ಆದರೆ ಇದು ಅವಳಿಗೆ ಬೇಡವಾದದ್ದಲ್ಲ. ಹೋದದ್ದು ನಿಜ, ಬೇಡವಾಗಿ ಹೋದದ್ದಲ್ಲ. ತನ್ನ ಮನೆಯಲ್ಲಿ, ತನ್ನವರ ಮುಂದೆ, ಅದು ತನ್ನ ಕೈಗೇ ಬರಬೇಕು, ತನ್ನ ಕೈಯಿಂದಲೇ ಮಣ್ಣಿಗೆ ಸೇರಬೇಕು. ಅಷ್ಟೇ ಬೇಕಾಗಿತ್ತು ಅವಳಿಗೆ. ಗೊತ್ತಾದ ಕೂಡಲೇ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿಯಿತು. ಇನ್ನುಳಿದದ್ದು ಭಾನುವಾರ.

ಭಾನುವಾರ ಬಂತು. ಗುರುಮಲ್ಲಪ್ಪನವರೂ ಬಂದರು. ಹೂ ಬಿಡಿಸಿದರು, ಪೂಜೆ ಮುಗಿಸಿದರು, ಕುರ್ಚಿ ಹಿಡಿದರು. ಶಿಲ್ಪಶ್ರೀ ಅಡುಗೆಮನೆಯಲ್ಲಿ ರವೆ ಹುರಿಯುತ್ತಿದ್ದಳು, ಅತ್ತೆ ಬೇಡವೆಂದರೂ ಕೇಳದೆ. ಹಜಾರದಲ್ಲಿ ಅವಳ ಗರ್ಭದ ವಿಚಾರಣೆ ಶುರುವಾಗಿತ್ತು, ಅವಳೊಬ್ಬಳನ್ನು ಬಿಟ್ಟು ಎಲ್ಲರೂ ಅದರಲ್ಲಿದ್ದರು.

“ನಾಳೇನೇ ಸೇರ್ಸಿ ಕ್ಲೀನ್ ಮಾಡ್ಸ್ಬುಡು ಮಗ” ಎಂದರು ಗುರುಮಲ್ಲಪ್ಪ. “ಮಾತ್ರೆ ಗೀತ್ರೆ ಬೇಡ. ಮಾತ್ರೆ ನುಂಗಿ ಇಳಿಸ್ಕೊಳೋದು ಭ್ರೂಣಹತ್ಯೆ ಕಣೋ. ನಮ್ಮ ವಂಶದಲ್ಲಿ ಆ ಪಾಪ ಬೇಡ.”

ಶಾಂತಾದೇವಿ ಒಗ್ಗರಣೆ ಹಾಕಿದರು. “ಅಲ್ಲ ಮಹದೇವು, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಂಗೆ ನೀನು ಕರಡಿಗೆ ತಂದು ಊರಿಗೆಲ್ಲ ತೋರಿಸ್ದೆ. ಕಣ್ಣು ಬೀಳ್ದೆ ಇರ್ತದಾ?”

ಮಹದೇವಮ್ಮ ಎದ್ದು ಅಡುಗೆಮನೆಗೆ ಬಂದು, ಬಾಗಿಲ ಹಿಂದೆ ನಿಂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಶಿಲ್ಪಶ್ರೀ ಸ್ಟೌ ಆರಿಸಿದಳು.

“ನಂದೇ ತಪ್ಪು ಶಿಲ್ಪ. ನಾನೇ ನನ್ನ ಕೈಯಾರ ಕಳೆದೆ. ಎಂಟನೇ ತಿಂಗಳ ತನಕ ತಡೆಯೋಕೆ ನಂಗೇನಾಗಿತ್ತು ದೊಡ್ಡ ರೋಗ? ಅದಕ್ಕೇ ಇನ್ನೊಂದು ಸ್ಕ್ಯಾನಿಂಗು ಮಾಡ್ಸು ಅಂತ ಹಟ ಮಾಡ್ದೆ. ಬಡಿತ ವಾಪಸ್ ಬಂದ್ಬುಟ್ರೆ ನಾನು ಉಳ್ಕೋತಿದ್ದೆ ಕಣಮ್ಮ.”

ಶಿಲ್ಪಶ್ರೀ ದಂಗಾದಳು. ಇಷ್ಟು ದಿನ ಅತ್ತೆ ತನ್ನ ಮುಖ ನೋಡದೆ ಓಡಾಡುತ್ತಿದ್ದುದನ್ನು ಸಿಟ್ಟು ಎಂದುಕೊಂಡಿದ್ದಳು. “ಅತ್ತೆ, ನಾನು ಸ್ಕೂಟರಲ್ಲಿ ಹೋಗಿದ್ದಕ್ಕೇ ಹಿಂಗಾಯ್ತು ಅಂತ ನೀವು ನನ್ನ ಬೈಕೋತಿದ್ದೀರಿ ಅನ್ಕೊಂಡಿದ್ದೆ.”

“ಸ್ಕೂಟರಾ?” ಮಹದೇವಮ್ಮ ಕಣ್ಣೊರೆಸಿಕೊಂಡು ಸೊಸೆಯನ್ನು ನೋಡಿದರು. “ಅಯ್ಯೋ ಮಂಕೇ. ಇವನು ಹೊಟ್ಟೇಲಿದ್ದಾಗ ನಾನು ನಂಜನಗೂಡಿಂದ ಇಲ್ಲೀಗಂಟ ಮರಳಿನ ಲಾರೀಲಿ ಬಂದಿದ್ದೀನಿ. ಏನಾಯ್ತು? ಕಲ್ಲುಗುಂಡಿನ ಹಂಗೆ ಹುಟ್ದ.”

ಶಿಲ್ಪಶ್ರೀಗೆ ನಗು ಬಂದುಬಿಟ್ಟಿತು. ಅಳುವೂ ಅದರ ಬೆನ್ನಿಗೇ ಬಂತು. “ಹಂಗಾದ್ರೆ ಕರಡಿಗೆ ತಂದಿದ್ದಕ್ಕೆ ಮಾತ್ರ ಹೋಗುತ್ತಾ ಅತ್ತೆ? ಡಾಕ್ಟ್ರು ಹೇಳಿದ್ದು ಇಬ್ಬರಿಗೂ ಅಲ್ವಾ? ಮೊಳಕೇನೇ ಸರಿ ಕೂಡಿರ್ಲಿಲ್ಲ. ನಿಮ್ಮ ಬೆಳ್ಳೀನೂ ಅಲ್ಲ, ನನ್ನ ಸ್ಕೂಟರೂ ಅಲ್ಲ.” ಇಬ್ಬರೂ ಹುರಿದ ರವೆಯ ಬಾಣಲೆಯ ಪಕ್ಕ ಒಬ್ಬರ ಭುಜದ ಮೇಲೊಬ್ಬರು ತಲೆಯಿಟ್ಟು ಅತ್ತರು. ಆಮೇಲೆ ಶಿಲ್ಪಶ್ರೀ ತನಗೇನು ಬೇಕೆಂದು ಹೇಳಿದಳು. ಮಹದೇವಮ್ಮ ಪೂರ್ತಿ ಕೇಳಿಸಿಕೊಂಡು, ಮೂಗು ಒರೆಸಿಕೊಂಡು, “ನಡಿ ಮತ್ತೆ, ಹೇಳು. ಉಪ್ಪಿಟ್ಟು ನಾನು ಮುಗಿಸ್ತೀನಿ” ಎಂದರು.

ಆ ಮನೆಯ ಸೊಸೆಯರು ಪಂಚಾಯ್ತಿಯ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುವುದು ರೂಢಿ. ಶಿಲ್ಪಶ್ರೀ ಊಟದ ಮೇಜಿನ ಕುರ್ಚಿಯೊಂದನ್ನು ದರದರ ಎಳೆದು ತಂದು ದೊಡ್ಡಮಾವನ ಎದುರಿಗೆ ಹಾಕಿ ಕೂತಳು. ಆ ಸದ್ದಿಗೇ ಶಾಂತಾದೇವಿ ಬೆಚ್ಚಿದರು.

“ದೊಡ್ಡಮಾವ, ನಾನು ತೀರ್ಮಾನ ಮಾಡಿದ್ದೀನಿ. ಮಾತ್ರೆ ತಗೋತೀನಿ. ಮನೇಲೇ ಇರ್ತೀನಿ. ಆದದ್ದನ್ನ ನಮ್ಮ ಹಿತ್ತಲಲ್ಲೇ ಮಣ್ಣು ಮಾಡ್ತೀನಿ.”

ಗುರುಮಲ್ಲಪ್ಪ ಕೆಮ್ಮಿದರು. “ಮಣ್ಣಾ? ಏನವ್ವ ನಿನ್ನ ಮಾತು! ಅದಿನ್ನೂ ಕೂಸೇ ಆಗಿರ್ಲಿಲ್ಲ. ರಕ್ತದ ಗೆಡ್ಡೆ. ಲಿಂಗ ಕಟ್ಟದ ಪಿಂಡಕ್ಕೆ ಎಂಥಾ ಮಣ್ಣು?”

“ಕೂಸೇ ಅಲ್ಲ ಅಂದ್ರೆ ಮಾತ್ರೆ ನುಂಗೋದು ಹತ್ಯೆ ಹೆಂಗಾಗುತ್ತೆ ದೊಡ್ಡಮಾವ? ಕೂಸು ಅಂದ್ರೆ ಮಣ್ಣು ಯಾಕೆ ಬೇಡ? ಎರಡರಲ್ಲಿ ಒಂದು ಹೇಳಿ. ಎರಡೂ ನೀವೇ ಇಟ್ಕೊಂಡ್ರೆ ನಂಗೇನು ಉಳೀತು?” ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. “ಅದರ ಉಸಿರು ಆಗಲೇ ಹೋಗಿದೆ. ನಾನು ಕೊಲ್ತಿಲ್ಲ, ಕಳಿಸಿಕೊಡ್ತಿದ್ದೀನಿ.”

ಎಷ್ಟೋ ವರ್ಷಗಳ ತೀರ್ಪುಗಾರರು ವಿಭೂತಿಯ ಹಣೆಯನ್ನು ಉಜ್ಜಿಕೊಂಡರು. ಮತ್ತೆ ಬಾಯಿ ಬಿಟ್ಟಾಗ ದನಿ ಬೇರೆಯಾಗಿತ್ತು. “ನಮ್ಮ ತಂಗಿ ಒಬ್ಬಳಿದ್ಲು. ಹಿಂಗೇ ಆಗಿ, ಮನೇಲೇ ರಕ್ತ ಹೋಗಿ ಹೋಗಿ ಸತ್ಲು. ನಾನು ಗಾಡಿ ಕಟ್ಕೊಂಡು ಬರೋ ಹೊತ್ಗೆ ಮುಗಿದೋಗಿತ್ತು. ಅದಕ್ಕೆ ಅಂದೆ ಕಣವ್ವ.”

ಇದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಶಿಲ್ಪಶ್ರೀಯ ಸಿಟ್ಟು ಅರ್ಧಕ್ಕರ್ಧ ಇಳಿಯಿತು. “ನಂಗೂ ಭಯ ಇದೆ ದೊಡ್ಡಮಾವ. ಅದಕ್ಕೇ ಡಾಕ್ಟ್ರನ್ನ ಎಲ್ಲಾ ಕೇಳ್ಕೊಂಡಿದ್ದೀನಿ. ಪ್ಯಾಡು ಮೇಲಿಂದ ಮೇಲೆ ತುಂಬಿದ್ರೆ, ತಲೆ ಸುತ್ತಿದ್ರೆ, ಜ್ವರ ಬಂದ್ರೆ ಒಂದು ಗಳಿಗೇನೂ ಕಾಯ್ಬಾರ್ದು, ನೇರ ಆಸ್ಪತ್ರೆಗೆ. ಕಾರು ಗೇಟಿನ ಕಡೆ ಮುಖ ಮಾಡಿ ನಿಂತಿರುತ್ತೆ.”

“ಬೀಗದ ಕೈ ನನ್ನ ಜೇಬಲ್ಲಿರುತ್ತೆ” ಎಂದ ಮಹಾಂತೇಶ. ಎಲ್ಲರೂ ತಿರುಗಿ ನೋಡಿದರು. ಅವನು ಎದ್ದು ಬಂದು ಹೆಂಡತಿಯ ಕುರ್ಚಿಯ ಹಿಂದೆ ನಿಂತಿದ್ದ. “ಅವತ್ತು ಡಾಕ್ಟರ ಹತ್ರ ನಾನು ತಪ್ಪು ಮಾತಾಡ್ದೆ ದೊಡ್ಡಪ್ಪ. ಅವಳನ್ನ ಕೇಳ್ಬೇಕಿತ್ತು. ಈಗ ಅವಳು ಹೇಳಿದ್ದೇ ಸರಿ.”

ಮಹದೇವಮ್ಮ ಉಪ್ಪಿಟ್ಟಿನ ಪಾತ್ರೆ ತಂದು ಮೇಜಿನ ಮೇಲೆ ಕುಕ್ಕಿದರು. ಭಾವನ ಮಾತಿಗೆ ಅವರು ಜನ್ಮದಲ್ಲಿ ಎದುರಾಡಿದವರಲ್ಲ. “ಮಾತು ಮುಗೀತು ಭಾವ. ಆರೋಗುತ್ತೆ, ತಿನ್ನಿ.”

ಸೋಮವಾರ ಶಿಲ್ಪಶ್ರೀ ಮೊದಲ ಮಾತ್ರೆಯನ್ನು ಡಾಕ್ಟರ್ ದಿವ್ಯ ಅವರ ಎದುರಿಗೇ ನುಂಗಿದಳು. ಉಳಿದದ್ದನ್ನು ಬುಧವಾರ ಬೆಳಿಗ್ಗೆ ಮನೆಯಲ್ಲಿ ತೆಗೆದುಕೊಂಡಳು. ಮಹಾಂತೇಶ ರಜ ಹಾಕಿ, ಬೀಗದ ಕೈ ಜೇಬಿನಲ್ಲಿ ಇದೆಯೋ ಇಲ್ಲವೋ ಎಂದು ಸುಮ್ಮಸುಮ್ಮನೆ ಮುಟ್ಟಿ ನೋಡಿಕೊಳ್ಳುತ್ತ ಹಜಾರದಲ್ಲಿ ಸುತ್ತಿದ. ಮಹದೇವಮ್ಮ ಬಿಸಿನೀರಿನ ಚೀಲ, ಗಂಜಿ, ಒಗೆದ ಹಳೆಯ ಹತ್ತಿ ಸೀರೆಗಳನ್ನು ಮಂಚದ ಪಕ್ಕ ಜೋಡಿಸಿಕೊಂಡು ಸೈನ್ಯದ ದಂಡನಾಯಕಿಯ ಹಾಗೆ ಕೂತರು.

ನೋವು ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚೇ ಬಂತು. ಅಲೆ ಅಲೆಯಾಗಿ ಬಂದು ಸೊಂಟ ಹಿಂಡಿತು. ಡಾಕ್ಟರು ಕೊಟ್ಟ ನೋವಿನ ಮಾತ್ರೆ ಒಂದಿಷ್ಟು ತಡೆಯಿತು, ಉಳಿದದ್ದನ್ನು ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಅವಳೇ ತಡೆದಳು. ಒಂದು ಹೊತ್ತಿನಲ್ಲಿ ಸಾಕಪ್ಪಾ, ಆಸ್ಪತ್ರೆಗೇ ಹೋಗಬೇಕಿತ್ತು ಎಂದು ಕಿರುಚಿದಳು. ಮಹದೇವಮ್ಮ, “ಈಗ್ಲೂ ಹೋಗೋಣ, ನಿನ್ನಿಷ್ಟ. ಕಾರಿದೆ” ಎಂದರು. ಹೋಗಬಹುದು ಎಂದು ಗೊತ್ತಾದ ಮೇಲೆ ಇರುವುದು ಸುಲಭವಾಯಿತು. “ಬೇಡ, ಇರ್ತೀನಿ” ಎಂದಳು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಒಂದು ದೊಡ್ಡ ಅಲೆ ಬಂತು, ಆಮೇಲೆ ಮೈ ತಾನಾಗಿ ಸಡಿಲವಾಯಿತು. ಬಂದದ್ದನ್ನು ಅವಳು ನೋಡಿದಳು. ಹೆದರಲಿಲ್ಲ. ಎದೆ ತುಂಬಿ ಬಂತು, ಗಟ್ಟಿಯಾಗಿ ಅತ್ತಳು, ಅತ್ತು ಮುಗಿದ ಮೇಲೆ ಬಿಳಿಯ ಹೊಸ ಬಟ್ಟೆ ಕೇಳಿದಳು.

ರಕ್ತ ಹತೋಟಿಯಲ್ಲಿದೆಯೆಂದು ಡಾಕ್ಟರು ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡರು. ಇಳಿಬಿಸಿಲಿನಲ್ಲಿ ಮಹಾಂತೇಶ ನಂದಿಬಟ್ಟಲ ಬುಡದಲ್ಲಿ ಗುದ್ದಲಿಯಿಂದ ಆಳವಾಗಿ ಅಗೆದ. ಅಗೆಯುತ್ತ ಅಗೆಯುತ್ತ, ಆವತ್ತಿನಿಂದ ಒಮ್ಮೆಯೂ ಅಳದವನು ಮೊಣಕಾಲೂರಿ ಕೂತು ಅತ್ತುಬಿಟ್ಟ. ಶಿಲ್ಪಶ್ರೀ ಮೆಟ್ಟಿಲ ಮೇಲೆ ಕೂತು ಮಡಿಲಲ್ಲಿ ಬಿಳಿಯ ಗಂಟು ಇಟ್ಟುಕೊಂಡಿದ್ದಳು. ಮಹದೇವಮ್ಮ ವಿಭೂತಿ ತಂದರು. ಇನ್ನೊಂದು ಕೈ ಸೆರಗಿನೊಳಗಿತ್ತು. ಬಹಳ ಹೊತ್ತು ತಡವರಿಸಿ ಹೊರತೆಗೆದರು, ಅದೇ ಕರಡಿಗೆ.

“ಖಾಲಿ ಇದೆ. ಲಿಂಗ ಕಟ್ಟಿಲ್ಲ. ಅಕ್ಕಸಾಲಿಗೆ ವಾಪಸ್ ಕೊಟ್ಬುಡ್ಲಾ ಶಿಲ್ಪ? ಕಣ್ಣೆದುರಿಗೆ ಇಟ್ಕೊಳ್ಳೋಕೆ ಆಗ್ತಿಲ್ಲ.”

ಶಿಲ್ಪಶ್ರೀ ಕೈ ಚಾಚಿದಳು. “ಕೊಡಿ ಅತ್ತೆ. ಅದಕ್ಕೇ ಅಂತ ಮಾಡಿಸಿದ್ದಲ್ವಾ? ಅದರ ಒಡವೆ ಅದಕ್ಕೇ ಸೇರ್ಲಿ. ಎಂಟನೇ ತಿಂಗಳಿಗೆ ಅಂತ ಕಾದಿದ್ರೆ ಇದರ ಕೈಗೆ ಕೊಡೋಕೆ ನಮ್ಮ ಹತ್ರ ಏನಿರ್ತಿತ್ತು? ನೀವು ಸರಿಯಾದ ಹೊತ್ತಿಗೇ ತಂದಿದ್ದೀರಿ.”

ಮಹದೇವಮ್ಮ ಆ ಮಾತು ಕೇಳಿ ಹಗುರಾಗಿ ಸೊಸೆಯ ಪಕ್ಕ ಕೂತರು. ಬಿಳಿಯ ಗಂಟಿನ ಜೊತೆ ಬೆಳ್ಳಿ ಕರಡಿಗೆ ಮಣ್ಣಿಗಿಳಿಯಿತು. ಮೂವರೂ ಹಿಡಿಹಿಡಿ ಮಣ್ಣು ಹಾಕಿ ವಿಭೂತಿ ಚೆಲ್ಲಿದರು.

ಮುಂದಿನ ವಾರ ಡಾಕ್ಟರ್ ದಿವ್ಯ ಸ್ಕ್ಯಾನ್ ಮಾಡಿ, “ಪೂರ್ತಿ ಆಗಿದೆ. ಇನ್ನೇನೂ ಬೇಕಿಲ್ಲ” ಎಂದರು. ಶಿಲ್ಪಶ್ರೀ ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ತಲೆಯೆತ್ತಿ ನಡೆದಳು. ದುಃಖ ಹೋಗಿರಲಿಲ್ಲ, ಅದು ಅಷ್ಟು ಬೇಗ ಹೋಗುವಂಥದ್ದೂ ಅಲ್ಲ. ಆದರೆ ಆ ದುಃಖದ ಮೇಲೆ ಅವಳದೇ ಹೆಸರಿತ್ತು. ಗೆದ್ದೆ ಎಂದು ತನಗೆ ತಾನೇ ಒಮ್ಮೆ ಹೇಳಿಕೊಂಡು ನೋಡಿದಳು. ಸುಳ್ಳೆನಿಸಲಿಲ್ಲ.

ಆ ಭಾನುವಾರ ಗುರುಮಲ್ಲಪ್ಪನವರು ಹೂ ಬಿಡಿಸಲು ಹಿತ್ತಲಿಗೆ ಹೋದವರು ಬೇಗ ಬರಲಿಲ್ಲ. ಶಿಲ್ಪಶ್ರೀ ಕಿಟಕಿಯಿಂದ ನೋಡಿದಳು. ದೊಡ್ಡಮಾವ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕುಕ್ಕರಗಾಲಲ್ಲಿ ಕೂತು, ತಮ್ಮ ಪೂಜೆಯ ವಿಭೂತಿಯನ್ನು ಗಿಡದ ಬುಡದ ಮಣ್ಣಿಗೆ ಬಳಿಯುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು. ತಂಗಿಯ ಹೆಸರನ್ನೋ, ಶಿವನ ಹೆಸರನ್ನೋ, ಯಾರಿಗೆ ಗೊತ್ತು.

ಪೂಜೆ ಮುಗಿಸಿ ಬಂದವರು ಹಜಾರದಲ್ಲಿ ಕೂರುವ ಮುಂಚೆ, ಊಟದ ಮೇಜಿನ ಕುರ್ಚಿಯನ್ನು ತಾವೇ ಎಳೆದು ತಂದು ಎದುರಿಗೆ ಹಾಕಿದರು. “ಎಲ್ಲಿ ಶಿಲ್ಪ? ಕೂತ್ಕೋ ಬಾರವ್ವ.”

ಅವಳು ಬಂದು ಕೂತಳು. ಮಹದೇವಮ್ಮ ಉಪ್ಪಿಟ್ಟು ಬಡಿಸಿದರು. ನಾಲ್ಕು ತುತ್ತು ಸುಮ್ಮನೆ ಇಳಿದವು. ಆಮೇಲೆ ಶಾಂತಾದೇವಿ ತಡೆಯಲಾರದೆ ಬಾಯಿ ಬಿಟ್ಟರು.

“ಆಗಿದ್ದು ಆಯ್ತು ಬುಡು. ಈಗ ಮುಂದಿಂದು ಯಾವಾಗ ಅಂತ?”

ಮಹಾಂತೇಶ ತಟ್ಟೆಯಿಂದ ತಲೆಯೆತ್ತಿದ. ಗುರುಮಲ್ಲಪ್ಪನವರು ಹೆಂಡತಿಯ ಕಡೆ ನೋಡಿ ಕಣ್ಣು ಬಿಟ್ಟರು. ಆದರೆ ಅವರಿಬ್ಬರಿಗಿಂತ ಮುಂಚೆ ಮಹದೇವಮ್ಮ ಸೌಟು ಹಿಡಿದೇ ತಿರುಗಿದರು.

“ಅದನ್ನ ಪಂಚಾಯ್ತಿಗೆ ಹಾಕಿಲ್ಲ ಕಣಕ್ಕ.”

ಶಿಲ್ಪಶ್ರೀಯ ತಟ್ಟೆ ಅಷ್ಟರಲ್ಲಿ ಬರಿದಾಗಿತ್ತು. ಎಷ್ಟೋ ದಿನದ ಮೇಲೆ ಅವಳಿಗೆ ಚೆನ್ನಾಗಿ ಹಸಿವಾಗಿತ್ತು. ಅವಳು ತಟ್ಟೆಯನ್ನು ಅತ್ತೆಯ ಮುಂದೆ ಚಾಚಿದಳು.

“ನಂಗಿನ್ನೊಂದು ಸೌಟು ಹಾಕಿ ಅತ್ತೆ.”